ಊರಿನ ನೀರು ಪುಸ್ತಕ: ಗ್ರಾಮ ಪಂಚಾಯತಿ ತನ್ನ ಮಳೆ, ಬಾವಿ, ಕೆರೆಗಳ ಲೆಕ್ಕ ಇಡುವುದು ಹೇಗೆ

ಗ್ರಾಮಸಭೆಯಲ್ಲಿ ಒಬ್ಬರು ಎದ್ದು "ಈ ಸಲ ನೀರು ತೀರಾ ಕೆಳಗೆ ಹೋಗಿದೆ" ಎನ್ನುತ್ತಾರೆ. ಇನ್ನೊಬ್ಬರು "ಹೋದ ವರ್ಷವೂ ಹೀಗೇ ಇತ್ತು ಬಿಡಿ ಗೌಡ್ರೇ" ಎನ್ನುತ್ತಾರೆ. ಎಷ್ಟು ಕೆಳಗೆ, ಯಾವ ಬಾವಿಯಲ್ಲಿ, ಯಾವ ತಿಂಗಳಿಂದ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಇನ್ನೊಂದು ಬೋರ್‌ವೆಲ್ ಕೊರೆಸಲು ನಿರ್ಣಯ ಬರೆದು, ಟೀ ಕುಡಿದು ಎಲ್ಲರೂ ಎದ್ದು ಹೋಗುತ್ತಾರೆ. ಬಯಲುಸೀಮೆಯ ಪಂಚಾಯತಿಗಳಲ್ಲಿ ಇಂಥ ಸಭೆಗಳಲ್ಲಿ ಕೂತು ಕೂತು ಸಾಕಾದ ಮೇಲೆಯೇ ನಾನು ನಾಲ್ಕು ಜನರ ಜೊತೆ ಸೇರಿ ಒಂದು ದಪ್ಪ ರಿಜಿಸ್ಟರ್ ಶುರುಮಾಡಿದ್ದು. ಅದಕ್ಕೆ ನೀರು ಪುಸ್ತಕ ಎಂದು ಹೆಸರಿಟ್ಟೆವು.

ಇದು ಪಂಚಾಯತಿಯ ಕೆಲಸವೇ ಎಂಬ ಅನುಮಾನ ಮೊದಲು ಬರುತ್ತದೆ. ಹೌದು, ಪಂಚಾಯತಿಯದೇ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಸೇರಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಮಣ್ಣಿನ ಸಂರಕ್ಷಣೆ, ಸಣ್ಣ ನೀರಾವರಿ, ಜಲಾನಯನ ಅಭಿವೃದ್ಧಿ, ಸಾಮಾಜಿಕ ಅರಣ್ಯ, ಕುಡಿಯುವ ನೀರು ಎಲ್ಲವೂ ಇವೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅಧಿಕಾರ ಕಾಗದದ ಮೇಲೆ ಇದ್ದೇ ಇದೆ. ಇಲ್ಲದಿರುವುದು ಅಂಕಿ. ಅಂಕಿ ಇಲ್ಲದ ಸಭೆಯಲ್ಲಿ ಜೋರು ಗಂಟಲಿನವರು ಹೇಳಿದ್ದೇ ನಿರ್ಣಯವಾಗುತ್ತದೆ.

ಕೆಳಗಿನದು ಒಂದು ಪಂಚಾಯತಿ ಮೊದಲ ವರ್ಷದಲ್ಲಿ ಮಾಡಿ ಮುಗಿಸಬಹುದಾದಷ್ಟು. ಮಲೆನಾಡು, ಕರಾವಳಿಗೆ ಕೆಲವು ಲೆಕ್ಕ ಬದಲಾಗುತ್ತವೆ. ನಾನು ಹೇಳುತ್ತಿರುವುದು ಕಲ್ಲುಭೂಮಿಯ, ಕೆರೆ ಮತ್ತು ಬೋರ್‌ವೆಲ್ ನಂಬಿದ ಊರುಗಳ ಮಾತು.

ಹೆಜ್ಜೆ 1: ಅಳೆಯುವವರು ಯಾರು ಎಂದು ಮೊದಲು ಗೊತ್ತುಮಾಡಿ

ಹೊಸ ಸಮಿತಿ ಮಾಡಬೇಡಿ. ಪಂಚಾಯತಿಯಲ್ಲಿ ಈಗಾಗಲೇ ನೀರು ಮತ್ತು ನೈರ್ಮಲ್ಯ ಸಮಿತಿ ಇದೆ, ಜೀವವೈವಿಧ್ಯ ಸಮಿತಿ ಕಡತದಲ್ಲಾದರೂ ಇದೆ. ಎರಡರಿಂದಲೂ ನಿಜವಾಗಿ ಓಡಾಡುವ ನಾಲ್ಕೈದು ಜನರನ್ನು ಆರಿಸಿ. ಊರಿನ ವಾಟರ್‌ಮ್ಯಾನ್ ಇರಲೇಬೇಕು, ಯಾವ ಬೋರು ಎಷ್ಟು ಹೊತ್ತಿಗೆ ಗಾಳಿ ಎಳೆಯುತ್ತದೆ ಎಂದು ಅವನಿಗೆ ಗೊತ್ತಿರುವಷ್ಟು ಇಂಜಿನಿಯರಿಗೂ ಗೊತ್ತಿರುವುದಿಲ್ಲ. ಹಿಂದೆ ಕೆರೆಯ ತೂಬು ತೆಗೆದು ಮುಚ್ಚುತ್ತಿದ್ದ ನೀರುಗಂಟಿಯ ಮನೆತನದವರು ಊರಿನಲ್ಲಿದ್ದರೆ ಅವರನ್ನು ಕರೆಯಿರಿ. ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳು, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಇದ್ದರೆ ತಂಡ ಪೂರ್ತಿಯಾದಂತೆ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಈ ತಂಡದಲ್ಲಿ ಇರಲಿ, ಆದರೆ ಪುಸ್ತಕ ಅವರೊಬ್ಬರ ಕೈಯಲ್ಲಿ ಬೇಡ. ಅವರಿಗೆ ವರ್ಗಾವಣೆ ಇದೆ, ಊರಿಗಿಲ್ಲ.

ಹೆಜ್ಜೆ 2: ನಕ್ಷೆ ಹಿಡಿದು ಊರು ಸುತ್ತಿ

ಎರಡು ದಿನ ಮೀಸಲಿಡಿ. ಗ್ರಾಮ ನಕ್ಷೆಯ ಒಂದು ಪ್ರತಿ, ಮೊಬೈಲಿನಲ್ಲಿ ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಈ ಆ್ಯಪ್ ಇಂಥ ಕೆಲಸಕ್ಕೆ ಬಹಳ ಅನುಕೂಲ. ಆದರೆ ಅದನ್ನು ಗಡಿ ಜಗಳಕ್ಕೆ ಸಾಕ್ಷಿಯಾಗಿ ಬಳಸಬೇಡಿ, ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೇಳುತ್ತದೆ.

ಗುರುತು ಮಾಡಬೇಕಾದವು: ಎಲ್ಲ ಕೆರೆ, ಕಟ್ಟೆ, ಗೋಕಟ್ಟೆ, ಕಲ್ಯಾಣಿ; ಕೆರೆಗೆ ನೀರು ತರುವ ಹಳ್ಳ ಮತ್ತು ಪೋಷಕ ಕಾಲುವೆ; ತೆರೆದ ಬಾವಿಗಳು, ಬತ್ತಿದ್ದರೂ ಸೇರಿಸಿ; ಕುಡಿಯುವ ನೀರಿನ ಬೋರ್‌ವೆಲ್; ಗೋಮಾಳ, ಗುಂಡುತೋಪು, ದೇವರ ಕಾಡು; ಕಸ ಸುರಿಯುವ ಜಾಗ, ಚರಂಡಿ ಕೊನೆಗೊಳ್ಳುವ ಜಾಗ. ಕೊನೆಯದನ್ನು ಯಾರೂ ನಕ್ಷೆಯಲ್ಲಿ ಹಾಕುವುದಿಲ್ಲ. ಊರಿನ ಬಚ್ಚಲ ನೀರೆಲ್ಲ ಸೇರುವ ಗುಂಡಿಯಿಂದ ನೂರು ಅಡಿ ದೂರದಲ್ಲೇ ಕುಡಿಯುವ ನೀರಿನ ಬೋರು ಇರುವುದು ಕಣ್ಣಿಗೆ ಬೀಳುವುದು ಇದನ್ನು ಗುರುತಿಸಿದಾಗಲೇ.

ಕೆರೆಯ ಯಜಮಾನ ಯಾರು ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಿ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ (ಕೆರೆ ನೀರು ಉಣ್ಣುವ ಜಮೀನಿನ) ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರಿದವು. ತಪ್ಪು ಕಚೇರಿಗೆ ಅರ್ಜಿ ಬರೆದು ಆರು ತಿಂಗಳು ಕಳೆದುಕೊಳ್ಳುವುದು ತಪ್ಪುತ್ತದೆ.

ಒತ್ತುವರಿ ಕಂಡರೆ ಅಲ್ಲೇ ಜಗಳಕ್ಕಿಳಿಯಬೇಡಿ. ಪಂಚಾಯತಿ ನಿರ್ಣಯ ಮಾಡಿ, ತಹಶೀಲ್ದಾರರಿಗೆ ಬರೆದು, ಭೂಮಾಪಕರಿಂದ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಕಲ್ಲು ನೆಡಿಸಿ. ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಕೊಟ್ಟ ತೀರ್ಪು ಊರೊಟ್ಟಿನ ಕೆರೆ, ಗೋಮಾಳಗಳ ಒತ್ತುವರಿ ತೆರವುಗೊಳಿಸಲು ರಾಜ್ಯಗಳಿಗೆ ಸ್ಪಷ್ಟವಾಗಿ ಹೇಳಿದೆ. ಪತ್ರದಲ್ಲಿ ಆ ತೀರ್ಪನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಿದರೆ ಕಡತ ಸ್ವಲ್ಪ ಬೇಗ ಚಲಿಸುತ್ತದೆ.

ಹೆಜ್ಜೆ 3: ಮಳೆ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ನಿಮ್ಮ ಪಂಚಾಯತಿಯದು ಎಲ್ಲಿದೆ ಎಂದು ಹುಡುಕಿ, ಅದರ ಮೇಲೆ ಬಳ್ಳಿ ಹಬ್ಬಿದ್ದರೆ ತೆಗೆಸಿ. ಇಷ್ಟರಿಂದಲೇ ಅರ್ಧ ಕೆಲಸ ಆದಂತೆ. ಆದರೂ ನಿಮ್ಮದೇ ಒಂದೆರಡು ಮಾಪಕ ಇರಲಿ. ಒಂದೇ ಪಂಚಾಯತಿಯಲ್ಲಿ ಮೂಡಣ ಹಳ್ಳಿಗೆ ಹದ ಮಳೆಯಾಗಿ ಪಡುವಣ ಹಳ್ಳಿಯಲ್ಲಿ ಧೂಳು ಏಳುವುದು ನಮ್ಮ ಕಡೆ ಹೊಸದೇನಲ್ಲ.

ಮಾಪಕ ಬಯಲಿನಲ್ಲಿರಲಿ. ಹತ್ತಿರದ ಮರ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬಿಡಿ. ಶಾಲೆಯ ಅಂಗಳ ಒಳ್ಳೆಯದು. ಬೆಳಿಗ್ಗೆ 8:30ಕ್ಕೆ ಅಳೆಯಿರಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದು ಆ ಹೊತ್ತಿಗೆ, ನಿಮ್ಮ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡಬಹುದು. ಮಳೆ ಬಾರದ ದಿನ 0 ಎಂದು ಬರೆಯಿರಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ಹುಡುಗ ಶಾಲೆಗೆ ಬರಲಿಲ್ಲವೋ ಎಂದು ವರ್ಷದ ಕೊನೆಗೆ ಯಾರಿಗೆ ತಿಳಿಯಬೇಕು?

ಬಾಯಿಪಾಠ ಇರಬೇಕಾದ ಲೆಕ್ಕ ಒಂದೇ: ಒಂದು ಹೆಕ್ಟೇರ್ ಮೇಲೆ 1 ಮಿ.ಮೀ. ಮಳೆ ಎಂದರೆ 10,000 ಲೀಟರ್. ಎಕರೆಗೆ ಸುಮಾರು 4,047 ಲೀಟರ್. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಹೆಜ್ಜೆ 4: ಬಾವಿ ಮತ್ತು ಬೋರ್‌ವೆಲ್

ಪುಸ್ತಕದ ಜೀವಾಳ ಇದು, ಇಲ್ಲಿ ನಿಧಾನ ಮಾಡಿ. ಪಂಚಾಯತಿಗೆ ಹತ್ತು ವೀಕ್ಷಣಾ ಬಾವಿಗಳು ಸಾಕು. ಹಳ್ಳದ ಬಳಿ ಒಂದು, ಕೆರೆಯ ಏರಿ ಕೆಳಗೆ ಒಂದು, ದಿಬ್ಬದಲ್ಲಿ ಒಂದು, ತೋಟಗಳ ನಡುವೆ ಎರಡು, ಹೀಗೆ ಹಂಚಿ. ತೆರೆದ ಬಾವಿ ಮೇಲ್ಪದರದ ಕಥೆ ಹೇಳುತ್ತದೆ, ಎಂಟುನೂರು ಅಡಿಯ ಬೋರು ಆಳದ ಬಿರುಕುಗಳ ಕಥೆ ಹೇಳುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಅದರಿಂದ ಸಿಗುವ ಅಂಕಿಗೆ ಅರ್ಥವೇ ಇರುವುದಿಲ್ಲ. ಮೋಟರ್ ಇಳಿಸದ, ಆದರೆ ತಳದಲ್ಲಿ ನೀರಿರುವ ಹಳೆಯ ಬೋರು ಸಿಕ್ಕರೆ ಅದೇ ಚಿನ್ನ.

ತೆರೆದ ಬಾವಿಗೆ ಟೇಪು ಸಾಕು. ತುದಿಯ ನಾಲ್ಕೈದು ಅಡಿಗೆ ಸೀಮೆಸುಣ್ಣ ಬಳಿದು, ಭಾರ ಕಟ್ಟಿ ಇಳಿಸಿ. ಮೇಲೆ ದುಂಡನೆಯ ಅಂಕಿಗೆ, ಉದಾಹರಣೆಗೆ 40 ಅಡಿಗೆ, ಟೇಪು ಹಿಡಿದು ನಿಲ್ಲಿಸಿ. ಎಳೆದು ನೋಡಿದರೆ ಸುಣ್ಣ ಒದ್ದೆಯಾದ ಗೆರೆ ಕಾಣುತ್ತದೆ. 3 ಅಡಿ ಒದ್ದೆಯಾಗಿದ್ದರೆ ನೀರು 37 ಅಡಿಯಲ್ಲಿದೆ.

ಬೋರಿಗೆ ಎರಡು ಎಳೆಯ ವೈರು ಬೇಕು. ತುದಿಯಲ್ಲಿ ಎರಡೂ ತಾಮ್ರದ ತಂತಿಗಳನ್ನು ಅರ್ಧ ಇಂಚು ಬಿಚ್ಚಿ, ಒಂದಕ್ಕೊಂದು ತಾಗದಂತೆ ಕಟ್ಟಿ, ಕೆಳಗೆ ಒಂದು ನಟ್ಟು ತೂಗುಹಾಕಿ. ಮೇಲಿನ ತುದಿಗೆ ಬ್ಯಾಟರಿ ಮತ್ತು ಸಣ್ಣ ಬಜರ್. ನೀರು ಮುಟ್ಟಿದೊಡನೆ ಎರಡು ತಂತಿಗಳ ನಡುವೆ ಕರೆಂಟು ಹರಿದು ಬಜರ್ ಕೂಗುತ್ತದೆ. ಹತ್ತು ಅಡಿಗೊಂದು ಬಣ್ಣದ ಟೇಪು ಸುತ್ತಿಡಿ. ಅಂಗಡಿಯಲ್ಲಿ ಸಿದ್ಧವಾಗಿಯೂ ಸಿಗುತ್ತದೆ. ಆದರೆ ಊರಿನ ಮೋಟರ್ ರಿಪೇರಿಯವನು ಮಾಡಿಕೊಟ್ಟದ್ದು ಕೆಟ್ಟರೆ ಊರಲ್ಲೇ ರಿಪೇರಿ ಆಗುತ್ತದೆ. ಮೋಟರ್ ಇರುವ ಬೋರಿಗೆ ವೈರು ಬಿಡಬೇಡಿ, ಪೈಪಿಗೆ ಸುತ್ತಿಕೊಂಡರೆ ಎಳೆಯುವುದು ದೊಡ್ಡ ರಗಳೆ. ಮುಂದೆ ಪಂಚಾಯತಿ ಬೋರಿಗೆ ಮೋಟರ್ ಇಳಿಸುವಾಗ ಪಕ್ಕದಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪು ಇಳಿಸಲು ಹೇಳಿ, ವೈರು ಅದರೊಳಗೆ ಸಲೀಸಾಗಿ ಹೋಗುತ್ತದೆ.

ಕೇಸಿಂಗ್ ಪೈಪಿನ ಬಾಯಿಯ ಮೇಲೆ ಕೆಂಪು ಬಣ್ಣದ ಚುಕ್ಕೆ ಇಡಿ. ಯಾರು ಅಳೆದರೂ ಆ ಚುಕ್ಕೆಯಿಂದಲೇ. ಪೈಪು ನೆಲದಿಂದ ಎಷ್ಟು ಮೇಲಿದೆಯೋ ಅಷ್ಟನ್ನು ಕಳೆದು ಬರೆಯಿರಿ. ಅಡಿಯಲ್ಲಿ ಬರೆಯುವುದಾದರೆ ಕೊನೆವರೆಗೂ ಅಡಿ, ಮೀಟರ್ ಆದರೆ ಮೀಟರ್.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಒಂದು ಜನವರಿಯಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಅಳೆದಾಗ ಹಿಂದಿನ ತಿಂಗಳಿಗಿಂತ 9 ಅಡಿ ಕೆಳಗೆ ಬಂತು. ಗಾಬರಿಯಾಗಿ ಸಭೆ ಕರೆದೇ ಬಿಟ್ಟೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ವಾಟರ್‌ಮ್ಯಾನ್ "ಅಲ್ಲಾ ಸಾರ್, ಪಕ್ಕದ ತೋಟದ ಮೋಟರು ಆರು ಗಂಟೆಯಿಂದ ಓಡ್ತಾ ಇತ್ತಲ್ಲ" ಎಂದ. ಮರುದಿನ ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟು ಬರುವ ಮೊದಲೇ, ಇನ್ನೂ ಮಬ್ಬುಗತ್ತಲಿರುವಾಗ ಹೋಗಿ ಅಳೆದರೆ ನೀರು 7 ಅಡಿ ಮೇಲೆ ಬಂದು ನಿಂತಿತ್ತು. ನಿಜವಾಗಿ ಇಳಿದದ್ದು 2 ಅಡಿ. ಅಂದಿನಿಂದ ನಮ್ಮ ಪುಸ್ತಕದಲ್ಲಿ ದಿನಾಂಕದ ಪಕ್ಕ "ಎಷ್ಟು ಗಂಟೆ, ಸುತ್ತ ಮೋಟರ್ ಓಡುತ್ತಿತ್ತೇ" ಎಂಬ ಕಲಂ ಇದೆ. ನಿಮ್ಮದರಲ್ಲೂ ಇರಲಿ.

ತಿಂಗಳಿಗೊಮ್ಮೆ ಅಳೆಯಿರಿ. ಆಗದಿದ್ದರೆ ಮೇ, ಆಗಸ್ಟ್, ನವೆಂಬರ್, ಜನವರಿ ತಪ್ಪಿಸಬೇಡಿ. ಕೇಂದ್ರ ಅಂತರ್ಜಲ ಮಂಡಳಿಯೂ ವರ್ಷಕ್ಕೆ ನಾಲ್ಕು ಸಲ, ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ ಅಳೆಯುತ್ತದೆ. ಮೇ ಕೊನೆಯ ಅಳತೆ ಮತ್ತು ನವೆಂಬರ್ ಅಳತೆಯ ನಡುವಿನ ವ್ಯತ್ಯಾಸವೇ ಆ ವರ್ಷದ ಮಳೆ ನಿಮ್ಮ ನೆಲಕ್ಕೆ ಕೊಟ್ಟದ್ದು.

ಇನ್ನು ಇಳುವರಿ. ನಮ್ಮಲ್ಲಿ ಬೋರು ಕೊರೆಸಿದರೆ "ಎರಡು ಇಂಚು ನೀರು ಬಿತ್ತು" ಎನ್ನುತ್ತಾರೆ. ಇದು ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಕಿಂಡಿಯಲ್ಲಿ ನೀರು ಎಷ್ಟು ಎತ್ತರ ಹರಿಯಿತು ಎಂಬ ಅಳತೆ. ಹೆಚ್ಚಿನವರು ಎರಡು ಇಂಚು ಎಂದರೆ ಒಂದು ಇಂಚಿನ ಎರಡರಷ್ಟು ಎಂದುಕೊಂಡಿದ್ದಾರೆ. ಹಾಗಲ್ಲ. 90 ಡಿಗ್ರಿ ಕಿಂಡಿಯಲ್ಲಿ ಒಂದು ಇಂಚು ಎಂದರೆ ನಿಮಿಷಕ್ಕೆ ಎಂಟೂವರೆ ಲೀಟರ್ ಆಸುಪಾಸು, ಎರಡು ಇಂಚು ಎಂದರೆ ಸುಮಾರು 48 ಲೀಟರ್, ಮೂರು ಇಂಚು ಎಂದರೆ 130 ದಾಟುತ್ತದೆ. ಆದ್ದರಿಂದ "ಮೂರಿಂಚು ಇದ್ದದ್ದು ಎರಡಿಂಚಿಗೆ ಬಂತು, ಒಂದಿಂಚು ತಾನೇ ಕಮ್ಮಿಯಾಗಿದ್ದು" ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಅರ್ಧಕ್ಕಿಂತ ಹೆಚ್ಚು ನೀರು ಹೋಗಿದೆ. ಪುಸ್ತಕಕ್ಕೆ ಇಂಚು ಬೇಡ. 20 ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. 25 ಸೆಕೆಂಡ್ ಆದರೆ ನಿಮಿಷಕ್ಕೆ 48 ಲೀಟರ್. ಮೂರು ಸಲ ಹಿಡಿದು ಸರಾಸರಿ ಬರೆಯಿರಿ, ಮೋಟರ್ ಹಾಕಿ ಅರ್ಧ ಗಂಟೆಯಾದ ಮೇಲೆ.

ಬಿಟ್ಟುಹೋದ ಬೋರುಗಳ ಬಾಯಿ ಮುಚ್ಚಿದೆಯೇ ಎಂಬುದನ್ನೂ ಇದೇ ಸುತ್ತಿನಲ್ಲಿ ನೋಡಿ. ಸುಪ್ರೀಂ ಕೋರ್ಟಿನ 2010ರ ಮಾರ್ಗಸೂಚಿಯಂತೆ ಹೊಸ ಬೋರು ಕೊರೆಸುವವರು 15 ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು, ಬಿಟ್ಟ ಬೋರನ್ನು ತಳದಿಂದ ಮೇಲಿನವರೆಗೆ ತುಂಬಿಸಬೇಕು. ಇದು ಮಕ್ಕಳ ಜೀವದ ಪ್ರಶ್ನೆ, ಮುಂದಿನ ತಿಂಗಳಿಗೆ ಹಾಕುವಂಥದ್ದಲ್ಲ.

ಹೆಜ್ಜೆ 5: ಕುಡಿಯುವ ನೀರಿನ ಗುಣ

ಜಲ ಜೀವನ್ ಮಿಷನ್ ಯೋಜನೆಯಡಿ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟು ಕಿಟ್ ಕೊಡಬೇಕೆಂದಿದೆ. ಕಿಟ್ ಎಷ್ಟೋ ಕಡೆ ಬೀರುವಿನಲ್ಲಿದೆ. ತೆಗೆದು ಮೊದಲು ಔಷಧದ ಬಾಟಲಿಗಳ ಅವಧಿ ಮುಗಿದಿದೆಯೇ ನೋಡಿ.

ಬೋರಿನ ಮಾದರಿ ಹಿಡಿಯುವಾಗ ಐದು ಹತ್ತು ನಿಮಿಷ ನೀರು ಹರಿಯಲು ಬಿಡಿ. ರಾಸಾಯನಿಕ ಪರೀಕ್ಷೆಯ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಎಚ್‌ಟುಎಸ್ ಬಾಟಲಿಯನ್ನು ಮಾತ್ರ ತೊಳೆಯಲೇಬಾರದು, ಒಳಗಿರುವ ಔಷಧವೇ ಹೋಗಿಬಿಡುತ್ತದೆ. ಒಂದೆರಡು ದಿನದಲ್ಲಿ ಆ ನೀರು ಕಪ್ಪಾದರೆ ಮಲದ ಸೋಂಕಿನ ಅನುಮಾನ. ಟ್ಯಾಂಕ್ ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ, ಪೈಪ್‌ಲೈನ್ ಚರಂಡಿ ದಾಟುವ ಜಾಗಗಳನ್ನು ನೋಡಿ ಮತ್ತೆ ಪರೀಕ್ಷಿಸಿ.

ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಮಿತಿಗಳು ಹೀಗಿವೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಪುಸ್ತಕದ ರಟ್ಟಿನ ಒಳಗೆ ಅಂಟಿಸಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ:

ಫ್ಲೋರೈಡ್: 1.0, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ
ನೈಟ್ರೇಟ್: 45, ಇದರಲ್ಲಿ ಸಡಿಲಿಕೆ ಇಲ್ಲ
ಕರಗಿದ ಲವಣಗಳು: 500, ಬೇರೆ ಮೂಲವಿಲ್ಲದಿದ್ದರೆ 2000
ಗಡಸುತನ: 200, ಬೇರೆ ಮೂಲವಿಲ್ಲದಿದ್ದರೆ 600
ಪಿಎಚ್: 6.5ರಿಂದ 8.5
ನಲ್ಲಿಯ ಕೊನೆಯಲ್ಲಿ ಉಳಿದ ಕ್ಲೋರಿನ್: ಕನಿಷ್ಠ 0.2
ಇ. ಕೋಲಿ (ಮಲದ ಸೋಂಕು ತೋರಿಸುವ ಬ್ಯಾಕ್ಟೀರಿಯಾ): 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು

ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಾಢವಾಗುತ್ತದೆ. ಕೋಲಾರ, ಪಾವಗಡದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೈಟ್ರೇಟ್ ಹೆಚ್ಚಿದ್ದರೆ ಹತ್ತಿರದಲ್ಲಿ ತಿಪ್ಪೆಗುಂಡಿ, ಶೌಚಗುಂಡಿ ಅಥವಾ ಯೂರಿಯಾ ಸುರಿಯುವ ತೋಟ ಇರುತ್ತದೆ, ಹೆಜ್ಜೆ 2ರ ನಕ್ಷೆ ತೆಗೆದು ನೋಡಿ. ಕಿಟ್‌ನಲ್ಲಿ ಮಿತಿ ದಾಟಿದರೆ ತಾಲ್ಲೂಕು ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬಂದ ಮೇಲೆಯೇ ಬೋರು ಮುಚ್ಚುವ ಮಾತು.

ಶುದ್ಧ ನೀರಿನ ಘಟಕ ಇದ್ದರೆ ಒಂದು ಕೆಲಸ ಮಾಡಿ: ಒಳಗೆ ಹೋಗುವ ನೀರೆಷ್ಟು, ಚರಂಡಿಗೆ ಹೋಗುವ ನೀರೆಷ್ಟು, ಎರಡನ್ನೂ ಬಕೆಟ್ ಹಿಡಿದು ಅಳೆಯಿರಿ. ಚರಂಡಿಯ ಅಂಕಿ ನೋಡಿ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಹೆಜ್ಜೆ 6: ಕೆರೆ

ತೂಬಿನ ಕಲ್ಲಿಗೆ ಅಡಿ, ಇಂಚಿನ ಗೆರೆ ಬಳಿಯಿರಿ. ಸೊನ್ನೆ ತೂಬಿನ ಹೊಸ್ತಿಲಲ್ಲಿ. ಪ್ರತಿ ಸೋಮವಾರ ನೋಡಿ ಬರೆಯಿರಿ, ಕೋಡಿ ಬಿದ್ದ ದಿನಾಂಕವನ್ನು ಬೇರೆ ಪುಟದಲ್ಲಿ ಬರೆಯಿರಿ. ತೂಬು ಮುಚ್ಚಿದ ಬೇಸಿಗೆ ದಿನಗಳಲ್ಲಿ ನೀರು ದಿನಕ್ಕೆ 15 ಮಿ.ಮೀ. ಇಳಿಯುತ್ತಿದ್ದರೆ, 6 ಮಿ.ಮೀ. ಆಸುಪಾಸು ಬಿಸಿಲಿಗೆ ಆವಿಯಾಗಿದ್ದು, ಉಳಿದದ್ದು ಇಂಗಿದ್ದು. ಕೆರೆ ಕೆಳಗಿನ ಬಾವಿಗಳ ಮಟ್ಟದ ಜೊತೆ ಇದನ್ನು ಹೋಲಿಸಿದರೆ ಕೆರೆ ಯಾರಿಗೆಷ್ಟು ಕೊಡುತ್ತಿದೆ ಎಂದು ಕಾಣುತ್ತದೆ.

ಹೂಳೆತ್ತುವುದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಕ್ಷಮಿಸಿ. ಜೆಸಿಬಿ ಇಳಿಸಿ ಏರಿಯ ಬುಡಕ್ಕೇ ಗುಂಡಿ ತೋಡುತ್ತಾರೆ, ತೂಬಿನ ಮಟ್ಟಕ್ಕಿಂತ ಆಳ ಬಗೆಯುತ್ತಾರೆ. ಏರಿ ಕುಸಿಯುತ್ತದೆ, ತೂಬಿನ ಕೆಳಗಿನ ನೀರು ಅಚ್ಚುಕಟ್ಟಿಗೆ ಬರುವುದೇ ಇಲ್ಲ. ಏರಿಯಿಂದ ಸಾಕಷ್ಟು ದೂರ ಬಿಟ್ಟು, ತೂಬಿನ ಹೊಸ್ತಿಲಿನ ಮಟ್ಟದವರೆಗೆ ಮಾತ್ರ, ಸಮವಾಗಿ ತೆಗೆಯಬೇಕು. ಕಪ್ಪು ಗೋಡು ಹೊಲಕ್ಕೆ ಬಂಗಾರ, ರೈತರೇ ಟ್ರ್ಯಾಕ್ಟರ್ ತಂದು ಹೊಡೆದುಕೊಂಡು ಹೋಗುತ್ತಾರೆ. ಎಷ್ಟು ಲೋಡು, ಯಾರ ಹೊಲಕ್ಕೆ ಎಂದು ಬರೆದರೆ ಇಟ್ಟಿಗೆ ಗೂಡಿಗೆ ಹೋಗುವುದು ನಿಲ್ಲುತ್ತದೆ. ಇದಕ್ಕೂ ಮೊದಲು ಪೋಷಕ ಕಾಲುವೆ ತೆರೆದಿದೆಯೇ ನೋಡಿ. ನೀರು ಬರುವ ದಾರಿಯೇ ಮುಚ್ಚಿದ ಕೆರೆಗೆ ಹೂಳೆತ್ತಿದರೆ ದೊಡ್ಡ ಆಟದ ಮೈದಾನ ಸಿಗುತ್ತದೆ ಅಷ್ಟೇ.

ಹೆಜ್ಜೆ 7: ಮರ, ಮೇವು, ಜೀವವೈವಿಧ್ಯ ದಾಖಲೆ

ಊರಿನ ಗಿಡಮರ, ಪ್ರಾಣಿಪಕ್ಷಿಗಳ ಪಟ್ಟಿಯಾದ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಯಾರೋ ಹೊರಗಿನವರು ಒಂದು ವಾರದಲ್ಲಿ ಬರೆದುಕೊಟ್ಟು ಹೋಗಿರುವ ಸಾಧ್ಯತೆ ಇದೆ. ಅದನ್ನು ತೆರೆದು ಊರಿನ ಕುರಿಗಾಹಿ, ನಾಟಿ ವೈದ್ಯರ ಮುಂದೆ ಓದಿಸಿ. ತಪ್ಪುಗಳು ತಾವಾಗಿಯೇ ಹೊರಬರುತ್ತವೆ. ಆಮೇಲೆ ವರ್ಷಕ್ಕೊಮ್ಮೆ ಕೆಲವನ್ನು ಮಾತ್ರ ನೋಡಿದರೆ ಸಾಕು: ಗುಂಡುತೋಪಿನಲ್ಲಿ ಎಷ್ಟು ಮರ ಉಳಿದಿವೆ, ಗೋಮಾಳದಲ್ಲಿ ಬಳ್ಳಾರಿ ಜಾಲಿ ಎಷ್ಟು ಹಬ್ಬಿದೆ, ಕೆರೆಗೆ ಯಾವ ಹಕ್ಕಿ ಯಾವ ತಿಂಗಳು ಬಂತು. ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ, ಒಂದೇ ತಿಂಗಳಲ್ಲಿ ಫೋಟೊ ತೆಗೆಯಿರಿ.

ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಿಮ್ಮ ತೋಪಿಗೆ ಅಷ್ಟು ಹೆಸರು ಬರದಿದ್ದರೂ ಪರವಾಗಿಲ್ಲ, ಮರಗಳ ಎಣಿಕೆ ಇದ್ದರೆ ರಸ್ತೆ ಅಗಲಿಸುವ ನೆಪದಲ್ಲಿ ಹತ್ತು ಕಡಿದಾಗ ಹತ್ತು ಎಂದು ಹೇಳಬಹುದು.

ಹೆಜ್ಜೆ 8: ನೀರಿನ ಆಯವ್ಯಯ

ಇಷ್ಟೆಲ್ಲ ಅಳೆದದ್ದು ಇದಕ್ಕೆ. ನವೆಂಬರ್ ಕೊನೆಗೆ, ಹಿಂಗಾರು ಮುಗಿಯುತ್ತಾ ಬಂದಾಗ, ಕೂತು ಲೆಕ್ಕ ಹಾಕಿ. ಒಂದು ಕಲ್ಪನೆಯ ಪಂಚಾಯತಿ ತೆಗೆದುಕೊಳ್ಳೋಣ: 3,000 ಹೆಕ್ಟೇರ್ ವಿಸ್ತೀರ್ಣ, 600 ಮಿ.ಮೀ. ಮಳೆ, 6,000 ಜನ.

ಬಿದ್ದ ಮಳೆ 1,800 ಕೋಟಿ ಲೀಟರ್. ಕೇಳಲು ದೊಡ್ಡದು. ಆದರೆ ನಮ್ಮ ಕಲ್ಲುಭೂಮಿಯಲ್ಲಿ ನೆಲದೊಳಗೆ ಇಂಗುವುದು ನೂರಕ್ಕೆ ಎಂಟು ಎಂದಿಟ್ಟುಕೊಂಡರೆ ನಿಜವಾದ ಜಮೆ 144 ಕೋಟಿ ಲೀಟರ್. ಈ ಶೇಕಡಾವಾರು ಬಂಡೆ, ಮಣ್ಣಿನ ಮೇಲೆ ಬದಲಾಗುತ್ತದೆ. ನಿಮ್ಮ ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಕೇಳಿ, ಸಂಕೋಚ ಬೇಡ.

ಖರ್ಚು. ಜನರಿಗೆ ದಿನಕ್ಕೆ ತಲಾ 55 ಲೀಟರ್, ವರ್ಷಕ್ಕೆ 12 ಕೋಟಿ. 2,000 ದನಗಳಿಗೆ 40 ಲೀಟರಿನಂತೆ, 5,000 ಕುರಿಮೇಕೆಗೆ 5 ಲೀಟರಿನಂತೆ, ಒಟ್ಟು ಸುಮಾರು 4 ಕೋಟಿ. ಕುಡಿಯುವುದಕ್ಕೆ ಎಲ್ಲ ಸೇರಿ 16 ಕೋಟಿ. ಇದು ಜಮೆಯ ಒಂಬತ್ತನೇ ಒಂದು ಭಾಗ. ಕುಡಿಯುವ ನೀರಿಗೆ ಬರ ಬರುವುದು ಜನ ಕುಡಿದು ಅಲ್ಲ ಎಂಬುದು ಇಲ್ಲಿಗೇ ಗೊತ್ತಾಗುತ್ತದೆ.

ಬೆಳೆಗೆ ಬನ್ನಿ. 200 ಎಕರೆ ಅಡಿಕೆಗೆ ವರ್ಷಕ್ಕೆ 1,000 ಮಿ.ಮೀ. ಬೋರಿನ ನೀರು ಎಂದರೆ ಸುಮಾರು 80 ಕೋಟಿ ಲೀಟರ್. 300 ಎಕರೆ ಟೊಮೆಟೊ, ತರಕಾರಿಗೆ 500 ಮಿ.ಮೀ.ನಂತೆ ಸುಮಾರು 60 ಕೋಟಿ. 100 ಎಕರೆ ಬೇಸಿಗೆ ಭತ್ತಕ್ಕೆ 1,200 ಮಿ.ಮೀ.ನಂತೆ 49 ಕೋಟಿ. ಒಟ್ಟು 189. ಕುಡಿಯುವುದು ಸೇರಿಸಿ 205 ಕೋಟಿ. ಕೊರತೆ 61 ಕೋಟಿ ಲೀಟರ್. ಅಂತರ್ಜಲ ಅಂದಾಜಿನ ಭಾಷೆಯಲ್ಲಿ ಬಳಕೆ ಶೇ. 142. ಶೇ. 70ರವರೆಗೆ ಸುರಕ್ಷಿತ, 100 ದಾಟಿದರೆ ಅತಿ ಬಳಕೆ.

ಈಗ ಈ ಲೆಕ್ಕವನ್ನು ನಂಬಬೇಡಿ, ಇನ್ನೊಂದು ದಾರಿಯಿಂದ ಪರೀಕ್ಷಿಸಿ. 480 ಬೋರು, ನಿಮಿಷಕ್ಕೆ 40 ಲೀಟರ್, ದಿನಕ್ಕೆ 7 ಗಂಟೆ, 250 ದಿನ: ಸುಮಾರು 202 ಕೋಟಿ. ಬೆಳೆಯ ಲೆಕ್ಕ 189, ಬೋರಿನ ಲೆಕ್ಕ 202. ಇಷ್ಟು ಹತ್ತಿರ ಬಂದರೆ ಸಾಕು. ಒಂದು 100, ಇನ್ನೊಂದು 200 ಬಂದರೆ ಎಲ್ಲೋ ಬೋರು ಎಣಿಸುವುದರಲ್ಲಿ ಅಥವಾ ಎಕರೆ ಹೇಳುವುದರಲ್ಲಿ ಸುಳ್ಳಿದೆ.

ಮೂರನೇ ಪರೀಕ್ಷೆ ಬಾವಿಯದು. ಕೊಳೆತ ಕಲ್ಲಿನ ಪದರದಲ್ಲಿ ನೂರು ಪಾಲಿನಲ್ಲಿ ಎರಡು ಪಾಲು ಬಳಕೆಗೆ ಸಿಗುವ ನೀರು ಎಂದುಕೊಂಡರೆ, 3,000 ಹೆಕ್ಟೇರಿನಲ್ಲಿ ನೀರಿನ ಮಟ್ಟ ಒಂದು ಮೀಟರ್ ಇಳಿದರೆ 60 ಕೋಟಿ ಲೀಟರ್ ಹೋದಂತೆ. ನಿಮ್ಮ ಕೊರತೆ 61. ಅಂದರೆ ಈ ಮೇ ಕೊನೆಯ ಮಟ್ಟ ಹೋದ ಮೇ ಕೊನೆಗಿಂತ ಸರಿಸುಮಾರು ಒಂದು ಮೀಟರ್ ಕೆಳಗಿರಬೇಕು. ಪುಸ್ತಕ ತೆಗೆದು ತೆರೆದ ಬಾವಿಗಳ ಪುಟ ನೋಡಿ. ಮೂರೂ ಒಂದೇ ಮಾತು ಹೇಳಿದರೆ ಸಭೆಗೆ ಹೋಗಬಹುದು.

ಹೆಜ್ಜೆ 9: ಸಭೆಯಲ್ಲಿ ಓದಿ, ಗೆರೆಯನ್ನು ಮೊದಲೇ ಎಳೆಯಿರಿ

ಕೋಷ್ಟಕ ತೋರಿಸಿದರೆ ಜನ ಆಕಳಿಸುತ್ತಾರೆ. ಪಂಚಾಯತಿ ಗೋಡೆಯ ಮೇಲೆ ಮೂರು ಬಾವಿಗಳ ಚಿತ್ರ ಬಿಡಿಸಿ, ಹೋದ ವರ್ಷದ ನೀರಿಗೆ ತಿಳಿ ನೀಲಿ, ಈ ವರ್ಷದ್ದಕ್ಕೆ ಕಡು ನೀಲಿ ಬಳಿಯಿರಿ. ಲೀಟರ್ ಲೆಕ್ಕವನ್ನು ರೂಪಾಯಿಯಂತೆ ಹೇಳಿ: "144 ರೂಪಾಯಿ ಸಂಬಳ, 205 ರೂಪಾಯಿ ಖರ್ಚು." ಹಿಂದಿನ ಬೆಂಚಿನ ಅಜ್ಜಿಗೂ ಅರ್ಥವಾಗುತ್ತದೆ.

ಬರ ಬಂದಮೇಲೆ ನಿಯಮ ಮಾಡಲು ಹೊರಟರೆ ಜಗಳವೇ ಆಗುವುದು. ಕೆರೆ ತುಂಬಿರುವಾಗ, ಎಲ್ಲರ ಮುಖದಲ್ಲಿ ನಗು ಇರುವಾಗ ಗೆರೆ ಎಳೆಯಬೇಕು. "ನವೆಂಬರ್ ಕೊನೆಗೆ ಹತ್ತರಲ್ಲಿ ಏಳು ಬಾವಿಗಳು ಹೋದ ವರ್ಷಕ್ಕಿಂತ 10 ಅಡಿ ಕೆಳಗಿದ್ದರೆ ತೂಬಿನ ನೀರು ಬೇಸಿಗೆ ಭತ್ತಕ್ಕಿಲ್ಲ" ಎಂಬಂಥ ಒಂದು ಸಾಲು, ಎಲ್ಲರ ಸಹಿಯೊಂದಿಗೆ. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿ ಮಾಡಿದ್ದು ಇದನ್ನೇ. ಅಲ್ಲಿ ಪ್ರತಿ ವರ್ಷ ನೀರಿನ ಲೆಕ್ಕ ಸಭೆಯ ಮುಂದೆ ಬರುತ್ತದೆ, ಅದರ ಮೇಲೆ ಯಾವ ಬೆಳೆ ಎಷ್ಟು ಎಂದು ತೀರ್ಮಾನ. ಕಬ್ಬು, ಬಾಳೆಯಂಥ ನೀರುಬಾಕ ಬೆಳೆಗಳನ್ನು ಊರೇ ದೂರ ಇಟ್ಟಿದೆ, ನೀರಾವರಿಗೆ ಬೋರು ಕೊರೆಸುವುದನ್ನು ನಿಲ್ಲಿಸಿದೆ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಯಾರ ಹೊಲದಲ್ಲಿ ಏನು ಬೆಳೆಯಬೇಕೆಂದು ಆಜ್ಞೆ ಮಾಡುವ ಅಧಿಕಾರ ಪಂಚಾಯತಿಗಿಲ್ಲ. ಅದು ಒಪ್ಪಂದದಿಂದಲೇ ಆಗಬೇಕು. ಆದರೆ ಕೈಯಲ್ಲಿರುವುದು ಕಡಿಮೆಯೇನಲ್ಲ: ತನ್ನ ಕೆರೆಯ ತೂಬು, ಮೀನು ಹರಾಜಿನ ಷರತ್ತು, ನೀರು ಬಿಡುವ ಹೊತ್ತು, ಉದ್ಯೋಗ ಖಾತರಿಯಲ್ಲಿ ಬದು ಮತ್ತು ಇಂಗುಗುಂಡಿಗಳನ್ನು ಎಲ್ಲಿ ಹಾಕಬೇಕು ಎಂಬ ತೀರ್ಮಾನ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1999ರ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬೋರು ಕೊರೆಸುವಂತಿಲ್ಲ. ಈ ವೃತ್ತಗಳನ್ನು ಹೆಜ್ಜೆ 2ರ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಎಳೆದಿಡಿ. ರಿಗ್ ಲಾರಿ ಊರಿಗೆ ಬಂದ ರಾತ್ರಿ ಕಾಯ್ದೆ ಹುಡುಕಲು ಸಮಯ ಇರುವುದಿಲ್ಲ.

ಡ್ರಿಪ್ (ಹನಿ ನೀರಾವರಿ) ಬಗ್ಗೆ ಎಚ್ಚರ. ಡ್ರಿಪ್ ಹಾಕಿದವರು ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಅಡಿಕೆ ಇಟ್ಟರೆ ಊರಿನ ಖಾತೆಯಲ್ಲಿ ಉಳಿತಾಯ ಸೊನ್ನೆ. ಎಷ್ಟು ಡ್ರಿಪ್ ಬಂತು ಎಂಬುದರ ಪಕ್ಕ ತೋಟದ ಎಕರೆ ಎಷ್ಟು ಹೆಚ್ಚಾಯಿತು ಎಂಬುದನ್ನೂ ಬರೆಯಿರಿ.

ಹಣ ಮತ್ತು ಪುಸ್ತಕದ ಕಾವಲು

ವೈರು, ಟೇಪು, ಬಣ್ಣ, ಬಕೆಟ್, ರಿಜಿಸ್ಟರ್‌ಗೆ ದೊಡ್ಡ ಖರ್ಚಿಲ್ಲ, ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲೇ ಆಗುತ್ತದೆ. ಕಾಮಗಾರಿಗಳಿಗೆ ಹಣಕಾಸು ಆಯೋಗದ ಅನುದಾನ ನೋಡಿ. 15ನೇ ಆಯೋಗದ 2021ರಿಂದ 2026ರ ಅವಧಿಯಲ್ಲಿ ಶೇ. 30ರಷ್ಟನ್ನು ಕುಡಿಯುವ ನೀರು, ಮಳೆನೀರು ಕೊಯ್ಲಿಗೆ, ಇನ್ನು ಶೇ. 30ರಷ್ಟನ್ನು ನೈರ್ಮಲ್ಯಕ್ಕೆ ಎಂದೇ ಕಟ್ಟಿಟ್ಟಿತ್ತು. ಪಂಚಾಯತಿಯ ವಾರ್ಷಿಕ ಯೋಜನೆ ಬರೆಯುವಾಗ ಯಾವ ಅನುದಾನಕ್ಕೆ ಯಾವ ಷರತ್ತು ಇದೆ ಎಂದು ಪಿಡಿಒ ಹತ್ತಿರ ಕೇಳಿ, ನೀರು ಪುಸ್ತಕದ ಒಂದು ಪುಟದ ನಕಲನ್ನು ಬೇಡಿಕೆಯ ಜೊತೆ ಲಗತ್ತಿಸಿ.

ಪುಸ್ತಕ ಒಂದೇ ಪ್ರತಿ ಇದ್ದರೆ ಕಳೆಯುತ್ತದೆ. ನಮ್ಮದೂ ಒಮ್ಮೆ ಕಳೆದಿತ್ತು. ಕಚೇರಿಗೆ ಸುಣ್ಣ ಬಳಿಸುವಾಗ ಹಳೇ ಪೇಪರಿನ ಜೊತೆ ಗುಜರಿಗೆ ಹೋಗಿದ್ದ ಎರಡು ವರ್ಷದ ಲೆಕ್ಕವನ್ನು ವಾಟರ್‌ಮ್ಯಾನ್ ಸೈಕಲ್ ಹತ್ತಿ ಹೋಗಿ ಗುಜರಿ ಅಂಗಡಿಯಿಂದ ತಂದ, ತೂಕಕ್ಕೆ ದುಡ್ಡು ಕೊಟ್ಟು. ಈಗ ಪ್ರತಿ ತಿಂಗಳ ಪುಟವನ್ನು ಫೋಟೊ ತೆಗೆದು ಮೂವರ ಮೊಬೈಲಿಗೆ ಕಳಿಸುತ್ತೇವೆ, ಶಾಲೆಯಲ್ಲಿ ಒಂದು ಕೈಬರಹದ ನಕಲು ಇರುತ್ತದೆ. ಹೊಸ ಪಿಡಿಒ ಬಂದು ಚಾರ್ಜ್ ತೆಗೆದುಕೊಳ್ಳುವ ದಿನ ಕ್ಯಾಶ್ ಬುಕ್ ಜೊತೆ ಇದಕ್ಕೂ ಅವರ ಸಹಿ ಹಾಕಿಸಿ, ಮರುದಿನ ಬೆಳಿಗ್ಗೆ ಕರೆಂಟು ಬರುವ ಮೊದಲು ಅವರನ್ನೂ ಒಂದು ಬೋರಿನ ಬಳಿಗೆ ಕರೆದುಕೊಂಡು ಹೋಗಿ ವೈರು ಇಳಿಸಲು ಕೊಡಿ.